ದೊಡ್ಡಪತ್ರೆಯ ಪರಿಮಳ ಎಲ್ಲಿ ಅಡಗಿದೆ?

ಮಕ್ಕಳೇ, ನಿಮ್ಮ ಹಿತ್ತಲಲ್ಲೋ ಪಕ್ಕದ ಮನೆಯ ಕುಂಡದಲ್ಲೋ ದೊಡ್ಡಪತ್ರೆ ಗಿಡ ಇದೆಯೇ? ಕೆಲವು ಊರುಗಳಲ್ಲಿ ಇದನ್ನು ಸಾಂಬಾರಬಳ್ಳಿ ಅಂತಲೂ ಕರೆಯುತ್ತಾರೆ. ಮೊದಲು ಗಿಡವನ್ನು ಮುಟ್ಟದೆ ಮೂಸಿ ನೋಡಿ. ಹೆಚ್ಚೇನೂ ವಾಸನೆ ಬರುವುದಿಲ್ಲ. ಈಗ ಒಂದು ಎಲೆಯನ್ನು ಬೆರಳಲ್ಲಿ ಮೆಲ್ಲಗೆ ಉಜ್ಜಿ. ಘಮ್ಮೆಂದಿತಲ್ಲ!

ಇಷ್ಟು ಹೊತ್ತು ಆ ಪರಿಮಳ ಎಲ್ಲಿತ್ತು? ಎಲೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಮೈತುಂಬ ನವಿರಾದ ಬಿಳಿ ರೋಮ ಕಾಣುತ್ತದೆ. ಆ ರೋಮಗಳ ನಡುವೆ ಕಣ್ಣಿಗೆ ಕಾಣದಷ್ಟು ಪುಟ್ಟ ಎಣ್ಣೆಯ ಚೀಲಗಳಿವೆ. ಕಿತ್ತಳೆ ಸಿಪ್ಪೆಯನ್ನು ಮಡಚಿ ಹಿಂಡಿದರೆ ಎಣ್ಣೆ ಚಿಮ್ಮುತ್ತದಲ್ಲ, ಹಾಗೆಯೇ ಉಜ್ಜಿದಾಗ ಈ ಚೀಲಗಳೂ ಒಡೆಯುತ್ತವೆ.

ಬೆರಳನ್ನು ಇನ್ನೊಮ್ಮೆ ಮೂಸಿ. ಅಡುಗೆಮನೆಯ ಓಮದ ಕಾಳಿನ ನೆನಪಾಗುತ್ತದೆಯೇ? ಎರಡರಲ್ಲೂ ಥೈಮಾಲ್ ಎಂಬ ಘಾಟು ವಸ್ತು ಇರುತ್ತದೆ. ಸೋಜಿಗವೆಂದರೆ ಅವು ಒಂದೇ ಕುಟುಂಬದವಲ್ಲ! ಓಮ ಕೊತ್ತಂಬರಿಯ ನೆಂಟ, ದೊಡ್ಡಪತ್ರೆ ತುಳಸಿ, ಪುದೀನಗಳ ನೆಂಟ.

ಎಲೆ ಮೇಯಲು ಬರುವ ಎಷ್ಟೋ ಹುಳುಗಳಿಗೆ ಈ ಘಾಟು ಹಿಡಿಸದು. ನಮಗೋ ಅದೇ ರುಚಿ! ಎಲೆಯನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿ ಒಗ್ಗರಣೆ ಕೊಟ್ಟರೆ ತಂಬುಳಿ ಸಿದ್ಧ. ಇದನ್ನು ಕುದಿಸಬಾರದು. ಬಿಸಿ ಅನ್ನಕ್ಕೆ ತಣ್ಣನೆಯ ತಂಬುಳಿ ಕಲಸಿ ತಿನ್ನುವ ಸುಖ ತಿಂದವರಿಗೇ ಗೊತ್ತು. ಇಡೀ ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿಯನ್ನೂ ಕರಿಯುತ್ತಾರೆ.

ಎಲೆಯನ್ನು ಮುರಿದರೆ ಒಳಗೆ ರಸ ತುಂಬಿರುತ್ತದೆ. ಅದು ಗಿಡ ಕೂಡಿಟ್ಟುಕೊಂಡ ನೀರು. ಅದಕ್ಕೇ ನಾಲ್ಕು ದಿನ ನೀರು ಹಾಕುವುದು ಮರೆತರೂ ದೊಡ್ಡಪತ್ರೆ ಸಾಯುವುದಿಲ್ಲ. ದಿನವೂ ನೀರು ಸುರಿದು ಬುಡದಲ್ಲಿ ನಿಲ್ಲಿಸಿದರೆ ಮಾತ್ರ ಬೇರು ಕೊಳೆಯುತ್ತದೆ.

ನೀವೂ ಬೆಳೆಸಬಹುದು, ಬೀಜ ಹುಡುಕಬೇಕಿಲ್ಲ. ಗೇಣುದ್ದದ ಕಡ್ಡಿ ಮುರಿದು, ಕೆಳಗಿನ ಎಲೆಗಳನ್ನು ತೆಗೆದು ತೇವದ ಮಣ್ಣಿಗೆ ಚುಚ್ಚಿ. ಎಲೆಯಿದ್ದ ಗೆಣ್ಣನ್ನೇ ಗಮನಿಸಿ, ಬೇರು ಅಲ್ಲಿಂದ ಸುಲಭವಾಗಿ ಬರುತ್ತದೆ. ಸ್ವಲ್ಪ ಬಿಸಿಲು, ಸ್ವಲ್ಪ ನೆರಳು ಇರುವ ಜಾಗ ಸಾಕು. ಕಡ್ಡಿ ಬೇರು ಬಿಟ್ಟು ಹೊಸ ಎಲೆ ತಳೆದ ಮೇಲೆ ತುದಿಯನ್ನು ಚಿವುಟಿ ಅಡುಗೆಗೆ ಕೊಡಿ. ಚಿವುಟಿದರೆ ಗಿಡಕ್ಕೆ ನಷ್ಟವಿಲ್ಲ, ಪಕ್ಕದ ಗೆಣ್ಣುಗಳಿಂದ ಹೊಸ ಕವಲು ಒಡೆದು ಅದು ಇನ್ನಷ್ಟು ಪೊದೆಯಾಗುತ್ತದೆ.