ಹಸ್ತ ಹಾಥ್ ಆದ ಬಗೆ

ಹಿಂದಿ ತರಗತಿಯಲ್ಲಿ ಮೈಯ ಭಾಗಗಳ ಹೆಸರನ್ನು ಬಾಯಿಪಾಠ ಮಾಡಿರುತ್ತೀರಿ. ಕೈಗೆ ಹಾಥ್, ಕಿವಿಗೆ ಕಾನ್, ನಾಲಗೆಗೆ ಜೀಭ್. ಈ ಹೆಸರುಗಳನ್ನು ಯಾರೋ ಒಬ್ಬರು ಕೂತು ಇಟ್ಟದ್ದಲ್ಲ. ಸಂಸ್ಕೃತದ ಹಸ್ತ, ಕರ್ಣ, ಜಿಹ್ವಾ ಎಂಬ ಮಾತುಗಳೇ ತಲೆಮಾರಿನಿಂದ ತಲೆಮಾರಿಗೆ ಜನರ ಬಾಯಲ್ಲಿ ಸವೆದು ಹೀಗಾದವು. ಸವೆಯುವುದಕ್ಕೂ ಒಂದು ಕ್ರಮವಿದೆ, ಗೊತ್ತೇ?

ಈಗ ‘ಹಸ್ತ’ ಎಂದು ನಿಧಾನವಾಗಿ ಹೇಳಿ, ನಾಲಗೆಯನ್ನು ಗಮನಿಸಿ. ‘ಸ್’ ಅನ್ನುವಾಗ ಅದು ಸಣ್ಣ ಸಂದು ಬಿಟ್ಟು ಗಾಳಿ ಹರಿಸುತ್ತದೆ. ‘ತ’ ಅನ್ನುವಾಗ ಆ ಸಂದನ್ನೂ ಮುಚ್ಚುತ್ತದೆ. ಎರಡು ಅಕ್ಷರಕ್ಕೆ ಎರಡು ಬೇರೆ ಕೆಲಸ! ಬೇಗಬೇಗ ಮಾತಾಡುವವರ ನಾಲಗೆ ಎರಡನ್ನೂ ಒಂದೇ ಮಾಡಿಕೊಂಡಿತು. ಹೀಗೆ ಸಂಸ್ಕೃತಕ್ಕೂ ಹಿಂದಿಗೂ ನಡುವಿನ ಆಡುಮಾತಾದ ಪ್ರಾಕೃತದಲ್ಲಿ ಹಸ್ತ ‘ಹತ್ಥ’ ಆಯಿತು, ಕರ್ಣ ‘ಕಣ್ಣ’ ಆಯಿತು, ಜಿಹ್ವಾ ‘ಜಿಬ್ಭಾ’ ಆಯಿತು. ಪ್ರಾಕೃತದ ಕಣ್ಣ ಅಂದರೆ ಕಿವಿ! ನೋಡುವ ನಮ್ಮ ಕಣ್ಣಿಗೂ ಅದಕ್ಕೂ ನಂಟಿಲ್ಲ. ಕೇಳಲು ಒಂದೇ ತರಹ ಇದ್ದ ಮಾತ್ರಕ್ಕೆ ಎರಡು ಮಾತುಗಳು ನೆಂಟರಾಗುವುದಿಲ್ಲ.

ಮುಂದೆ ಒತ್ತಕ್ಷರವೂ ಹಗುರವಾಯಿತು. ಅಲ್ಲಿ ಉಳಿದ ಹೊತ್ತು ಅದರ ಹಿಂದಿನ ಸ್ವರಕ್ಕೆ ಸೇರಿ ಸ್ವರ ಉದ್ದವಾಯಿತು. ಕೊನೆಯ ಸ್ವರ ಬಿದ್ದುಹೋಯಿತು. ಹತ್ಥ ಹಾಥ್ ಆದದ್ದು, ಜಿಬ್ಭಾ ಜೀಭ್ ಆದದ್ದು ಹೀಗೆ.

ಈ ನಿಯಮ ನಿಜವೇ? ಮೈ ಬಿಟ್ಟು ಅಂಕಿಗಳಲ್ಲಿ ಪರೀಕ್ಷಿಸೋಣ. ಸಪ್ತ ಪ್ರಾಕೃತದಲ್ಲಿ ‘ಸತ್ತ’. ನಿಯಮದ ಪ್ರಕಾರ ಹಿಂದಿಯಲ್ಲಿ ‘ಸಾತ್’ ಆಗಬೇಕು, ಆಗಿದೆ! ಅಷ್ಟ ‘ಅಟ್ಠ’ ಆಗಿ, ಆಮೇಲೆ ‘ಆಠ್’ ಆಗಿದೆ. ಮೊದಲೇ ಊಹಿಸಿ ಆಮೇಲೆ ತಾಳೆ ನೋಡುವುದೇ ವಿಜ್ಞಾನದ ದಾರಿ. ಮಾತನ್ನು ಹೀಗೆ ಪರೀಕ್ಷಿಸುವ ಶಾಸ್ತ್ರಕ್ಕೆ ಭಾಷಾವಿಜ್ಞಾನ ಎಂದು ಹೆಸರು.

ಇನ್ನೊಂದು ಸಾಕ್ಷಿ ಪಂಜಾಬಿನಲ್ಲಿದೆ. ಅಲ್ಲಿನವರು ಕೈಗೆ ಇಂದಿಗೂ ‘ಹತ್ಥ್’, ಕಿವಿಗೆ ‘ಕನ್ನ್’, ಏಳಕ್ಕೆ ‘ಸತ್ತ್’ ಅನ್ನುತ್ತಾರೆ. ಹಿಂದಿ ದಾಟಿ ಬಂದ ಮೆಟ್ಟಿಲಲ್ಲಿ ಪಂಜಾಬಿ ನಿಂತಿದೆ.

ಕನ್ನಡ ಬೇರೆ ಕುಟುಂಬದ್ದು, ದ್ರಾವಿಡ ಭಾಷೆ. ಅದರ ಸವೆತದ ನಿಯಮವೂ ಬೇರೆ. ಪಂಪನ ಕಾಲದ ‘ಪಲ್’ ಇಂದು ಹಲ್ಲು, ‘ಪಾಲ್’ ಹಾಲು, ‘ಪತ್ತು’ ಹತ್ತು. ಪದದ ಮೊದಲಿನ ಪಕಾರ ಹಕಾರವಾಯಿತು. ತಮಿಳರ ಬಾಯಲ್ಲಿ ಆ ಪಕಾರ ಹಾಗೆಯೇ ಉಳಿದಿದೆ. ತಮಿಳು ಬಲ್ಲ ಗೆಳೆಯರಿದ್ದರೆ ಕೇಳಿ ನೋಡಿ.

ಈಗ ನಿಮಗೊಂದು ಲೆಕ್ಕ. ಸಂಸ್ಕೃತದ ‘ಕರ್ಮ’ ಪ್ರಾಕೃತದಲ್ಲಿ ‘ಕಮ್ಮ’. ಹಾಗಾದರೆ ಹಿಂದಿಯಲ್ಲಿ ಏನಾಗಿರಬೇಕು? ಪಂಜಾಬಿಯಲ್ಲಿ?

(ಉತ್ತರ: ಹಿಂದಿಯಲ್ಲಿ ಕಾಮ್, ಪಂಜಾಬಿಯಲ್ಲಿ ಕಮ್ಮ್. ಎರಡಕ್ಕೂ ಕೆಲಸ ಎಂದೇ ಅರ್ಥ.)