ಗೋಡೆಯಾಚೆಯ ಎಲೆ

ಪುತ್ತೂರಿನ ಪರ್ಲಡ್ಕ ಎಂಬ ಹೆಸರಿನಲ್ಲಿ ಒಂದು ‘ಅಡ್ಕ’ ಅಡಗಿದೆ. ತುಳುನಾಡಿನ ಸ್ಥಳನಾಮಗಳಲ್ಲಿ ಅಡ್ಕವೆಂದರೆ ಮುರಕಲ್ಲಿನ ಒಣಬಯಲು. ಮಳೆಗಾಲದಲ್ಲಿ ಒಂದಿಷ್ಟು ಹುಲ್ಲು ಚಿಗುರಿದರೆ ಅದೇ ಅಲ್ಲಿಯ ಹಸುರು. ಇಂದು ಆ ದಾರಿಯಲ್ಲಿ ನಡೆಯುವವರಿಗೆ ಹೆಸರೇ ಸುಳ್ಳೆನಿಸುವಷ್ಟು ನೆರಳಿದೆ. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಬಾಲವನ ಇರುವುದೂ ಅಲ್ಲಿಯೇ. ಆದರೆ ನಾನು ಹೇಳಹೊರಟಿರುವುದು ಆ ಮಹನೀಯರ ತೋಪಿನ ಮಾತನ್ನಲ್ಲ; ನಮ್ಮಂಥವರ ಹತ್ತು ಸೆಂಟ್ಸಿನ ಹಿತ್ತಿಲುಗಳ ಮಾತನ್ನು.

ನಾನು ಕಡಬದ ಕಡೆಯ ಹಳ್ಳಿಯವನು. ಅಲ್ಲಿಯೂ ಸುಳ್ಯದ ಕಡೆಯಲ್ಲಿಯೂ ಮನೆಗಳು ಒತ್ತಾಗಿಲ್ಲ. ಅವರವರ ತೋಟದ ನಡುವೆ ಅವರವರ ಮನೆ. ನೆರೆಯವನೆಂದರೆ ಕೂಗಿದರೆ ಕೇಳಿಸುವಷ್ಟು ದೂರದವನು. ಅಲ್ಲಿ ಎಲೆ ಒಂದು ಸಂಪತ್ತು. ಹಳೆಯ ದಕ್ಷಿಣ ಕನ್ನಡದ ಕಂದಾಯ ಪದ್ಧತಿಯಲ್ಲಿ ಸಾಗುವಳಿ ಭೂಮಿಗೆ ತಾಗಿದ ನೂರು ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ, ಮೇವು ಪಡೆಯುವ ಸೌಲಭ್ಯಕ್ಕೆ ‘ಕುಮ್ಕಿ’ ಎಂದೇ ಹೆಸರು. ಸೊಪ್ಪು ಹಟ್ಟಿಗೆ, ಹಟ್ಟಿಯಿಂದ ಗೊಬ್ಬರವಾಗಿ ಅಡಿಕೆಯ ಬುಡಕ್ಕೆ. ಎಲೆಗಾಗಿ ಜಗಳವಾಡಿದವರನ್ನು ಬಾಲ್ಯದಲ್ಲಿ ಕಂಡಿದ್ದೇನೆ. ಎಲೆ ಬಿತ್ತೆಂದು ಜಗಳವಾಡಿದವರನ್ನು ಕಂಡಿರಲಿಲ್ಲ. ಹಾಗೆ ಜಗಳವಾಡಿದವನು ನಾನೇ.

ಅಧ್ಯಾಪಕ ವೃತ್ತಿಗೆಂದು ಪೇಟೆಗೆ ಬಂದು ಮನೆ ಕಟ್ಟಿದಾಗ ನಮ್ಮ ಓಣಿಯಲ್ಲಿ ಇದ್ದದ್ದು ಆರೇ ಮನೆ, ಆದರೆ ಭಾಷೆ ಅದಕ್ಕೆ ಕಡಿಮೆಯಿರಲಿಲ್ಲ: ತುಳು, ಹವ್ಯಕರ ಕನ್ನಡ, ಸುಳ್ಯದಿಂದ ಬಂದವರ ಅರೆಭಾಷೆ, ಕೊಂಕಣಿ, ಬ್ಯಾರಿ, ಗಡಿಯಾಚೆಯಿಂದ ಬಂದವರ ಮಲಯಾಳ. ಪ್ರತಿಯೊಬ್ಬರೂ ಊರಿನಿಂದ ಒಂದೊಂದು ಗಿಡ ತಂದು, ಮುರಕಲ್ಲನ್ನು ಹಾರೆಯಿಂದ ಕುಟ್ಟಿ ಹೊಂಡ ತೆಗೆದು ನೆಟ್ಟಿದ್ದರು. ಪಕ್ಕದ ಮನೆಯ ಕ್ರೈಸ್ತ ಮಹಿಳೆ, ನಾವೆಲ್ಲ ‘ಬಾಯಿ’ ಎಂದು ಕರೆಯುವವರು, ತವರಿನಿಂದ ತಂದದ್ದು ಜೀಗುಜ್ಜೆ. ಕೊಂಕಣಿಯಲ್ಲಿ ಅದು ಜೀವ್‌ಕಡ್ಗಿ. ಎದುರು ಮನೆಯ ಮಲಯಾಳಿಗಳಿಗೆ ಕಡಚ್ಚಕ್ಕ. ಮಳೆಗಾಲದಲ್ಲಿ ಕಾಯಿ ಬಲಿತರೆ ಆರೂ ಮನೆಗೆ ಪಾಲು ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಅದು ಪೋಡಿಯಾಗುತ್ತಿತ್ತು. ಕಾಯಿ ಕೊಡುವ ನೆವದಲ್ಲಿ ಗೋಡೆಯ ಬಳಿ ಅರ್ಧ ಗಂಟೆ ಮಾತು; ನನಗೆ ಬರುವ ಹರಕು ಕೊಂಕಣಿಯೆಲ್ಲ ಆ ಗೋಡೆಯ ಬಳಿ ಕಲಿತದ್ದು.

ಆದರೆ ಜೀಗುಜ್ಜೆಯ ಎಲೆ ಸಾಮಾನ್ಯವಲ್ಲ, ಮೊರದಗಲ. ಒಂದೆರಡು ಬಿದ್ದರೆ ಸಾಕು, ಮಾಡಿನ ದಂಬೆ ಕಟ್ಟಿಕೊಂಡು ನೀರು ಗೋಡೆಯಲ್ಲಿ ಇಳಿಯುತ್ತದೆ. ನಿವೃತ್ತನಾದ ವರ್ಷದ ಮಳೆಗಾಲದಲ್ಲಿ ನನ್ನ ಪುಸ್ತಕದ ಕಪಾಟಿನ ಹಿಂದೆ ಹೀಗೆ ನೀರಿಳಿಯಿತು. ಒದ್ದೆಯಾದ ಪುಸ್ತಕಗಳನ್ನು ಕೈಯಲ್ಲಿ ಹಿಡಿದುಕೊಂಡೇ ಗೋಡೆಯ ಬಳಿ ಹೋಗಿ, “ಬಾಯಿ, ಮರ ನಿಮ್ಮದು, ಕಜವು ಮಾತ್ರ ನಮ್ಮದೋ?” ಎಂದುಬಿಟ್ಟೆ. ಅವರು ಉತ್ತರ ಹೇಳಲಿಲ್ಲ. ಮಳೆ ನಿಂತ ವಾರದಲ್ಲಿ ಮರ ಉರುಳಿತು. ಕಡಿಯಿರಿ ಎಂದು ನಾನು ಹೇಳಿರಲಿಲ್ಲ ಎಂಬುದು ನಿಜ. ಆ ನಿಜದಿಂದ ಯಾವ ಸಮಾಧಾನವೂ ದೊರೆಯಲಿಲ್ಲ.

ಆಮೇಲೆ ದಂಬೆ ಸ್ವಚ್ಛವಾಗಿಯೇ ಇತ್ತು. ಪಡುವಣ ಕೋಣೆಗೆ ಸಂಜೆಯ ಬಿಸಿಲು ನೇರವಾಗಿ ನುಗ್ಗತೊಡಗಿತು. ಬಾಯಿ ಎದುರು ಸಿಕ್ಕಿದರೆ ನಗುತ್ತಿದ್ದರು, ನಿಲ್ಲುತ್ತಿರಲಿಲ್ಲ. ಗೋಡೆಯ ಬಳಿ ನಿಲ್ಲಲು ಇಬ್ಬರಿಗೂ ಕಾರಣ ಉಳಿದಿರಲಿಲ್ಲ. ಹೀಗೆ ಎರಡು ಮಳೆಗಾಲ ಕಳೆದವು.

ಕೇಳುವವರಲ್ಲಿ ಕೃಷಿಕರಿದ್ದರೆ ಮುಂದಿನದನ್ನು ಈಗಾಗಲೇ ಊಹಿಸಿರಬಹುದು. ನಮ್ಮ ಕಡೆಯ ಜೀಗುಜ್ಜೆಯಲ್ಲಿ ಬೀಜವಿಲ್ಲ. ಬೇರಿನಿಂದ ಮೊಳೆತ ಹಿಳ್ಳಿನಿಂದಲೇ ಅದರ ಸಂತಾನ. ಕಳೆದ ವರ್ಷ ನಮ್ಮ ಬಾವಿಕಟ್ಟೆಯ ಪಕ್ಕದಲ್ಲಿ, ಎಂದರೆ ಗೋಡೆಯ ಈಚೆಗೆ, ಹಸ್ತದಾಕಾರದ ಸೀಳೆಲೆಯೊಂದು ಕಾಣಿಸಿತು. ಬಾಯಿಯವರನ್ನು ಕರೆದು ತೋರಿಸಿ, ಬೇರು ಸಹಿತ ತೆಗೆದು ನಿಮ್ಮಲ್ಲಿ ನೆಡಿಸಲೇ ಎಂದು ಕೇಳಿದೆ. ಅವರು ಬಹಳ ಹೊತ್ತು ನೋಡಿದರು.

“ಬೇಡ ಮಾಷ್ಟ್ರೆ, ಅಲ್ಲಿಯೇ ಇರಲಿ. ಈ ಸಲ ಕಜವು ನಮ್ಮಲ್ಲಿಗೆ ಬೀಳಲಿ” ಎಂದರು.

ಗಿಡ ಈಗ ಗೋಡೆಯ ಎತ್ತರಕ್ಕೆ ಬಂದಿದೆ. ಕಾಯಿ ಬಿಡಲು ಇನ್ನೂ ಕೆಲವು ವರ್ಷ ಬೇಕು. ಬಾಯಿಯವರ ಮಾಡಿನ ದಂಬೆಗೆ ಬಲೆ ಹೊದಿಸಲೆಂದು ಮೊನ್ನೆ ಹೋಗಿ ಅಳತೆ ತೆಗೆದುಕೊಂಡು ಬಂದಿದ್ದೇನೆ.