ಒಂದು ದಾರ, ಎರಡು ಸೂಜಿ



ಭಾಷಾ ಶಿಕ್ಷಕನಾದವನು ವ್ಯಾಕರಣ ಬಿಟ್ಟು ಬೆಲ್ಟಿನ ಬಗ್ಗೆ ಮಾತನಾಡುವುದೇ ಎಂದು ನಿಮಗನ್ನಿಸಬಹುದು. ದಯವಿಟ್ಟು ನಿಮ್ಮ ಬೆಲ್ಟಿನ ತುದಿಯನ್ನೊಮ್ಮೆ ಹಿಡಿದು ನೋಡಿ. ತೂತುಗಳ ಬಳಿ ಮೇಲ್ಪದರ ಬಿರಿದು ಸಿಪ್ಪೆ ಏಳುತ್ತಿದೆಯೇ? ಹಾಗಿದ್ದರೆ ಅದು ಚರ್ಮದ ಚೂರುಗಳನ್ನು ಪುಡಿಮಾಡಿ, ಅಂಟಿನಿಂದ ಹಾಳೆ ಮಾಡಿ, ಮೇಲೆ ಪ್ಲಾಸ್ಟಿಕ್ ಲೇಪಿಸಿದ ಮಾಲು ಇರಬಹುದು. ಒಳಗೆ ಒತ್ತಿರುವ ‘ಲೆದರ್’ ಎಂಬ ಮುದ್ರೆಯೊಂದನ್ನೇ ನಂಬಿ ನಾವು ಪ್ರತಿವರ್ಷ ಹೊಸದನ್ನು ಕೊಳ್ಳುತ್ತೇವೆ. ಮನೆಯಲ್ಲಿ ಒಂದು ರಜಾದಿನ ಕುಳಿತು ಹೊಲಿದ ಬೆಲ್ಟು ಹತ್ತಾರು ವರ್ಷ ಬಾಳುತ್ತದೆ.

ಮೊದಲು ಚರ್ಮದ ಮಾತು. ಬೆಲ್ಟಿಗೆ ಬೇಕಾದದ್ದು ತೊಗಟೆಯಲ್ಲಿ ಹದಮಾಡಿದ, ಮೂರೂವರೆ ಮಿಲಿಮೀಟರ್ ದಪ್ಪದ ಚರ್ಮ. ಅದನ್ನು ಬೆನ್ನಿನ ಭಾಗದಿಂದ ಕತ್ತರಿಸಿರಬೇಕು. ಹೊಟ್ಟೆಯ ಭಾಗದ್ದು ಅಗ್ಗವಾಗಿ ಸಿಗುತ್ತದೆ, ಆದರೆ ಜಗ್ಗುತ್ತದೆ. ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದಮಾಡುವುದು ದಕ್ಷಿಣ ಭಾರತದ ಹಳೆಯ ವಿದ್ಯೆ. ಇದು ವಾರಗಟ್ಟಲೆ ಹಿಡಿಯುವ ಕೆಲಸ. ಕ್ರೋಮಿಯಂ ಲವಣ ಬಂದ ಮೇಲೆ ಅದೇ ಹದ ಒಂದೆರಡು ದಿನಕ್ಕಿಳಿಯಿತು. ಕೊಲ್ಲಾಪುರಿ ಚಪ್ಪಲಿಗೆ ಇಂದಿಗೂ ಸಸ್ಯದಿಂದ ಹದಗೊಂಡ ಚರ್ಮವೇ ಬೇಕು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಅಂಗಡಿಯಲ್ಲಿ ಪಟ್ಟಿಯ ಕತ್ತರಿಸಿದ ಅಂಚನ್ನು ನೋಡಿ. ನಡುವೆ ನೀಲಿ ಬೂದು ಗೆರೆ ಕಂಡರೆ ಅದು ಸಾಮಾನ್ಯವಾಗಿ ಕ್ರೋಮ್ ಚರ್ಮ. ಅದು ಕೆಟ್ಟದ್ದೆಂದಲ್ಲ, ಬೂಟಿಗೆ ಒಳ್ಳೆಯದು. ಆದರೆ ಅದರ ಅಂಚು ಉಜ್ಜಿದರೂ ಹೊಳಪಿಗೆ ಬರುವುದು ಕಷ್ಟ.

ಅಳತೆಯಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಪ್ಯಾಂಟಿನ ಮೇಲೆ 34 ಎಂದಿತ್ತು, ಅದನ್ನೇ ನಂಬಿದೆ. ಬಕಲ್ ಬಳಿ ಮಡಚಲು ಬೇಕಾದ ಮೂರು ಇಂಚನ್ನೂ ಮರೆತೆ. ಆ ಪಟ್ಟಿ ಈಗ ನಮ್ಮ ಮನೆಯಲ್ಲಿ ಹಾಸಿಗೆಯ ಸುರುಳಿ ಕಟ್ಟುತ್ತದೆ! ಸರಿಯಾದ ಕ್ರಮವೆಂದರೆ ನಿಮ್ಮ ಹಳೆಯ ಬೆಲ್ಟನ್ನೇ ಅಳೆಯುವುದು: ಬಕಲ್ ಕೂತಿರುವ ಮಡಿಕೆಯಿಂದ ನೀವು ದಿನಾ ಹಾಕುವ ತೂತಿನವರೆಗೆ. ಅದೇ ಹೊಸ ಬೆಲ್ಟಿನ ನಡುವಿನ ತೂತು. ಅದರಾಚೆ ತುದಿಗೆ 5 ಇಂಚು, ಮಡಿಕೆಗೆ 3 ಇಂಚು ಸೇರಿಸಿ. ಅಳತೆ 36 ಬಂದರೆ ಪಟ್ಟಿ 44 ಇಂಚು. ತೂತುಗಳು ಐದು, ಒಂದೊಂದು ಇಂಚಿನ ಅಂತರ. ಅಗಲ ಒಂದೂಕಾಲು ಅಥವಾ ಒಂದೂವರೆ ಇಂಚು. ಬಕಲ್ ಅದಕ್ಕೆ ಹೊಂದಬೇಕು.

ಮಡಚುವ ಜಾಗವನ್ನು ಒಳಗಡೆಯಿಂದ ಚೂರಿಯಲ್ಲಿ ಹೆರೆದು ಅರ್ಧ ದಪ್ಪಕ್ಕೆ ತನ್ನಿ. ಬಕಲ್‌ನ ಕಡ್ಡಿಗಾಗಿ ಮಡಿಕೆಯ ನಡುವೆ ಒಂದಿಂಚು ಉದ್ದದ ಸೀಳು ಮಾಡಿ, ನೀರು ಹಚ್ಚಿ ಮಡಚಿ.

ಇನ್ನು ಹೊಲಿಗೆ. ಅಂಚಿನಿಂದ ನಾಲ್ಕು ಮಿಲಿಮೀಟರ್ ಒಳಗೆ ಗೆರೆ ಎಳೆದು, ನಾಲ್ಕು ಮಿಲಿಮೀಟರಿಗೊಂದು ಗುರುತು ಹಾಕಿ ಆರೆಯಿಂದ ಚುಚ್ಚಿ. (ಕನ್ನಡದ ಆರೆಗೆ ಉರ್ದುವಿನಲ್ಲಿ ಆರ್. ನೋಡಿ, ಭಾಷೆಯ ಮೇಷ್ಟ್ರು ಭಾಷೆ ಬಿಡಲಾರ.) ಆರೆಯ ಮೊನೆಯ ಎದುರು ಬೆರಳಿಡಬೇಡಿ, ಬಾಟಲಿಯ ಬಿರಡೆ ಇಡಿ. ಲಿನನ್ ದಾರಕ್ಕೆ ಜೇನುಮೇಣ ಸವರಿ. ಉದ್ದ ಹೊಲಿಗೆಯ ನಾಲ್ಕು ಪಟ್ಟು, ಮೇಲೆ ಎರಡು ಗೇಣು. ದಾರದ ಎರಡೂ ತುದಿಗೆ ಒಂದೊಂದು ಮೊಂಡು ಸೂಜಿ ಪೋಣಿಸಿ. ಎಡಗೈ ಸೂಜಿ ಒಂದು ತೂತಿನಲ್ಲಿ ಈಚೆ ಬರುತ್ತದೆ, ಬಲಗೈ ಸೂಜಿ ಅದೇ ತೂತಿನಲ್ಲಿ ಆಚೆ ಹೋಗುತ್ತದೆ. ಒಳಗಿರುವ ದಾರವನ್ನು ಸೂಜಿ ಚುಚ್ಚಬಾರದು. ಎರಡನ್ನೂ ಒಂದೇ ಸಮನೆ ಎಳೆಯಬೇಕು. ಕೊನೆಯಲ್ಲಿ ಎರಡು ತೂತು ಹಿಂದಕ್ಕೆ ಹೊಲಿದು ಕತ್ತರಿಸಿದರೆ ಸಾಕು, ಗಂಟು ಬೇಡ.

ಯಂತ್ರ ಇರುವಾಗ ಈ ಪಾಡು ಏಕೆ? ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮೇಲೆಯೇ, ಕೆಳಗಿನದು ಕೆಳಗೆಯೇ ಇದ್ದು, ತೂತಿನೊಳಗೆ ಒಂದನ್ನೊಂದು ಕೊಕ್ಕೆಯಂತೆ ಹಿಡಿದಿರುತ್ತವೆ. ಒಂದು ಸವೆದು ತುಂಡಾದರೆ ಇನ್ನೊಂದಕ್ಕೆ ಹಿಡಿತವಿಲ್ಲ, ಸಾಲೇ ಬಿಚ್ಚಿಕೊಳ್ಳುತ್ತದೆ. ಕೈಹೊಲಿಗೆಯಲ್ಲಿ ದಾರದ ಎರಡೂ ತುದಿಗಳು ಪ್ರತಿ ತೂತನ್ನೂ ದಾಟಿರುತ್ತವೆ. ಒಂದು ಕಡೆ ಹರಿದರೂ ಇನ್ನೊಂದು ಚರ್ಮವನ್ನು ಹಿಡಿದೇ ಇರುತ್ತದೆ. ಕುದುರೆಯ ಜೀನು ಹೊಲಿಯುವವರು ಇದನ್ನೇ ನೆಚ್ಚಿದ್ದು ಅದಕ್ಕಾಗಿ. ಅಲ್ಲಿ ಹೊಲಿಗೆ ಬಿಚ್ಚಿದರೆ ಸವಾರನ ಪ್ರಾಣಕ್ಕೆ ಸಂಚಕಾರ.

ಕೊನೆಗೆ ಅಂಚಿನ ಮೂಲೆಗಳನ್ನು ಮರಳುಕಾಗದದಿಂದ ತೀಡಿ, ಒದ್ದೆ ಮಾಡಿ, ನಯವಾದ ಮರದ ತುಂಡಿನಿಂದ ಬಿಸಿಯಾಗುವವರೆಗೆ ಉಜ್ಜಿ, ಮೇಣ ಸವರಿ. ಬಿಸಿಲಿನಲ್ಲಿ ಒಣಗಿಸಬೇಡಿ.

ಇದನ್ನೆಲ್ಲ ನನಗೆ ಕಲಿಸಿದವರು ಬಸ್ ನಿಲ್ದಾಣದ ಪಕ್ಕ ಛತ್ರಿಯ ಕೆಳಗೆ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು. ಅವರ ಮಗ ನನ್ನ ತರಗತಿಯಲ್ಲಿದ್ದ. ದಾಖಲೆಯ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಜಾಗವನ್ನು ಅವನು ಖಾಲಿ ಬಿಟ್ಟಿದ್ದ. ನಾನು ಕಾರಣ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ನಾವು ಪಾಠದಲ್ಲಿ ದುಡಿಮೆಯನ್ನು ಹೊಗಳುತ್ತೇವೆ. ಆದರೆ ಅರ್ಜಿ ತುಂಬುವ ಮಗುವಿಗೆ ಪಕ್ಕದ ಬೆಂಚಿನ ನಗು ಗೊತ್ತಿರುತ್ತದೆ.

ಒಂದು ಶನಿವಾರ ನನ್ನ ಅರ್ಧ ಹೊಲಿದ ಬೆಲ್ಟನ್ನು ತರಗತಿಗೆ ತಂದು ಮೇಜಿನ ಮೇಲಿಟ್ಟೆ. ಮಕ್ಕಳೆಲ್ಲ ಮುಟ್ಟಿ ನೋಡಿ ಚೆನ್ನಾಗಿದೆ ಎಂದರು. ಅವನೊಬ್ಬನೇ ಅದನ್ನು ತಿರುವಿ, ಹಿಂಬದಿಯ ಸಾಲಿನ ಮೇಲೆ ಉಗುರು ಎಳೆದು, "ಸರ್, ಇಲ್ಲಿಂದ ಎಡಗೈ ಎಳೆತ ಸಡಿಲ" ಎಂದ. ಅವನು ತೋರಿಸಿದ ಜಾಗದಿಂದ ಎಣಿಸಿದರೆ ಹನ್ನೊಂದು ಹೊಲಿಗೆ. ಅಷ್ಟನ್ನೂ ಬಿಚ್ಚಿದೆ. ಮತ್ತೆ ಹೊಲಿಯುವಾಗ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡವನು ಅವನೇ.